ಮಠದ ಸಾಲಿಗೆ ಸರಕಾರದ ಪಗಾರ: ಜಗಳಕ್ಕೆ ಮೊದಲು ಕಡತ ತೆಗೆಯಿರಿ

ಮಾನ್ಯ ಸಂಪಾದಕರೆ,

ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಜನರ ತೆರಿಗೆ ಹಣ ಕೊಡಬೇಕೆ, ಬೇಡವೆ ಎಂಬ ವಾದ ಮತ್ತೆ ಕಾವೇರಿದೆ. ‘ಮದರಸಾಕ್ಕೆ ಯಾಕೆ’ ಎಂದು ಒಬ್ಬರು ಕೇಳಿದರೆ ‘ಮಠಕ್ಕೆ ಯಾಕೆ’ ಎಂದು ಇನ್ನೊಬ್ಬರು ಕೇಳುತ್ತಾರೆ, ಮೂರನೆಯವರು ಮಿಶನ್ ಸಾಲಿಯನ್ನು ಎಳೆದು ತರುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಮೂರೂ ಒಂದೇ ಓಣಿಯ ಆಚೀಚೆ ಇರುವುದರಿಂದ ಮಾತಿಗೆ ಕೊನೆಯೇ ಇಲ್ಲ. ಆದರೆ ಕೂಗಾಡುವವರಲ್ಲಿ ಹೆಚ್ಚಿನವರಿಗೆ ಯಾವ ಹಣದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದೇ ಗೊತ್ತಿದ್ದಂತಿಲ್ಲ. ಖಜಾನೆಯಿಂದ ಈ ಸಂಸ್ಥೆಗಳ ಕಡೆ ಹರಿಯುವ ಹಣ ಮೂರು ಬಗೆಯದು. ಮಾನ್ಯತೆ ಪಡೆದ ಅನುದಾನಿತ ಶಾಲೆಯ ಶಿಕ್ಷಕರ ಪಗಾರ ಒಂದು. ವೇದ ಪಾಠಶಾಲೆ, ಮದರಸಾದಂಥ ಶುದ್ಧ ಧಾರ್ಮಿಕ ಕಲಿಕೆಯ ಜಾಗಗಳಿಗೆ ಹೋಗುವ ನೆರವು ಇನ್ನೊಂದು. ಮಠ, ಟ್ರಸ್ಟುಗಳಿಗೆ ಕಟ್ಟಡದ ಹೆಸರಿನಲ್ಲಿ ಇಡಿಗಂಟಾಗಿ ಬಿಡುಗಡೆಯಾಗುವುದು ಮೂರನೆಯದು. ಮೂರಕ್ಕೂ ಕಾನೂನು ಬೇರೆ, ಕಡತ ಬೇರೆ, ಸೋರುವ ಜಾಗವೂ ಬೇರೆ.

ಮೊದಲು ಪಗಾರದ ವಿಷಯ. ಇದು ನಿನ್ನೆ ಮೊನ್ನೆಯದಲ್ಲ. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆ ನಿಂತರು. 1854ರಲ್ಲಿ ಲಂಡನ್ನಿನಿಂದ ಕಂಪನಿ ಆಡಳಿತದ ಮೇಲ್ವಿಚಾರಣೆ ನೋಡುತ್ತಿದ್ದ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಫರ್ಮಾನು ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಯನ್ನು ತಂದಿತು. ಲೌಕಿಕ ವಿದ್ಯೆ ಚೆನ್ನಾಗಿ ಕಲಿಸುತ್ತಿದ್ದಾರೆಯೆ ಎಂದು ಇನ್ಸ್‌ಪೆಕ್ಟರ್ ನೋಡಬೇಕು, ಅಲ್ಲಿ ಯಾವ ಧರ್ಮ ಬೋಧಿಸುತ್ತಾರೆ ಎಂಬ ಗೊಡವೆಗೆ ಹೋಗಬಾರದು ಎಂಬುದು ಅದರ ತಿರುಳು. ಮುಂದೆ ಜೋಳಿಗೆ ಹಿಡಿದು ಊರೂರು ತಿರುಗಿದ ಸ್ವಾಮಿಗಳು ಪ್ರಸಾದನಿಲಯ ಕಟ್ಟಿದರು, ಶಾಲೆ ತೆರೆದರು. ಮುಸ್ಲಿಂ ಸಂಸ್ಥೆಯಾದ ಅಂಜುಮನ್‌ನವರೂ ಶಾಲೆ ತೆರೆದರು. ಸರಕಾರಕ್ಕೆ ತಾನೇ ಹೈಸ್ಕೂಲು ಕಟ್ಟುವ ಶಕ್ತಿ ಇಲ್ಲದ ಕಾಲದಲ್ಲಿ, ಕಟ್ಟಡ ಸಂಸ್ಥೆಯದು, ಪಗಾರ ಸರಕಾರದ್ದು ಎಂಬ ಒಡಂಬಡಿಕೆಯಿಂದಲೇ ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಿಗೆ ಮೆಟ್ರಿಕ್ ತಲುಪಿತು. ಆ ಲೆಕ್ಕದಲ್ಲಿ ಲಾಭವಾದದ್ದು ಸರಕಾರಕ್ಕೆ.

ಈಗ ಆ ಪಗಾರ ಹೇಗೆ ಬರುತ್ತದೆ ನೋಡಿ. ಅನುದಾನ ಶಾಲೆಗಲ್ಲ, ಮಂಜೂರಾದ ಹುದ್ದೆಗೆ. ಗಣಿತದ ಒಂದು ಹುದ್ದೆ, ಕನ್ನಡದ ಒಂದು ಹುದ್ದೆ, ದೈಹಿಕ ಶಿಕ್ಷಣದ ಒಂದು ಹುದ್ದೆ. ಬಿಲ್ಲು ಎಚ್‌ಆರ್‌ಎಂಎಸ್‌ನಲ್ಲಿ (ಸರಕಾರಿ ಸಂಬಳದ ಗಣಕ ವ್ಯವಸ್ಥೆ) ತಯಾರಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ದಾಟಿ ಖಜಾನೆಗೆ ಹೋಗುತ್ತದೆ, ಹಣ ಶಿಕ್ಷಕರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಸ್ವಾಮಿಗಳ ಕೈಗಾಗಲಿ, ಬಿಷಪ್ಪರ ಕೈಗಾಗಲಿ, ಅಂಜುಮನ್ ಅಧ್ಯಕ್ಷರ ಕೈಗಾಗಲಿ ಅದರಲ್ಲಿ ಒಂದು ಪೈ ಬರುವುದಿಲ್ಲ. ಪಠ್ಯಪುಸ್ತಕ, ಬಿಸಿಯೂಟ, ಹಾಲು ಅನುದಾನಿತ ಶಾಲೆಯ ಮಕ್ಕಳಿಗೂ ಸಿಗುತ್ತವೆ. ಸಮವಸ್ತ್ರ ಮತ್ತು ಶೂ ಮಾತ್ರ ಸರಕಾರಿ ಶಾಲೆಯವರಿಗೆ. ಅದೇ ಓಣಿಯ, ಅದೇ ಬಡತನದ ಮಗು ಅನುದಾನಿತ ಶಾಲೆಗೆ ಸೇರಿದ್ದಕ್ಕೆ ಶೂ ತಪ್ಪಿಸಿಕೊಳ್ಳುತ್ತದೆ. ‘ಧಾರ್ಮಿಕ ಶಾಲೆಗಳಿಗೆ ಬೇಕಾಬಿಟ್ಟಿ ಕೊಡುತ್ತಿದ್ದಾರೆ’ ಎನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ಈ ಮೊದಲ ಬಗೆಯಲ್ಲಿ ತಪ್ಪಾಗುವುದು ಎಲ್ಲಿ? ಎರಡು ಕಡೆ. ಒಂದು ಹುದ್ದೆ ತುಂಬುವಲ್ಲಿ, ಇನ್ನೊಂದು ವೇಳಾಪಟ್ಟಿಯಲ್ಲಿ.

ಶಿಕ್ಷಕರು ನಿವೃತ್ತರಾದರೆ ಆ ಅನುದಾನಿತ ಹುದ್ದೆ ತಾನಾಗಿ ತುಂಬುವುದಿಲ್ಲ. ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಮೀಸಲಾತಿಯ ರೋಸ್ಟರ್ ವಹಿ ಪರಿಶೀಲನೆಯಾಗಬೇಕು, ಜಾಹೀರಾತು ಕೊಡಬೇಕು, ಒಂದರಿಂದ ಎಂಟನೇ ತರಗತಿಗಾದರೆ ಅಭ್ಯರ್ಥಿ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿರಬೇಕು, ಕೊನೆಗೆ ಇಲಾಖೆಯ ಅನುಮೋದನೆ ಸಿಗಬೇಕು. ಒಪ್ಪಿಗೆ ವರ್ಷಗಟ್ಟಲೆ ಬರುವುದಿಲ್ಲ. ಅಷ್ಟು ದಿನ ಸಂಸ್ಥೆ ಕಡಿಮೆ ಸಂಬಳಕ್ಕೆ ಯಾರನ್ನೋ ಇಟ್ಟುಕೊಂಡು ಪಾಠ ಓಡಿಸುತ್ತದೆ, ಆ ಸಂಬಳಕ್ಕೆಂದು ಪಾಲಕರಿಂದ ‘ಅಭಿವೃದ್ಧಿ ಶುಲ್ಕ’ ಎತ್ತುತ್ತದೆ. ಒಪ್ಪಿಗೆ ಬಂದ ದಿನ ಇನ್ನೊಂದು ಅಂಗಡಿ ತೆರೆಯುತ್ತದೆ. ಅನುದಾನಿತ ಹುದ್ದೆಗೆ ‘ರೇಟು’ ಇದೆ ಎಂಬುದು ನಮ್ಮ ಭಾಗದಲ್ಲಿ ಗುಟ್ಟಿನ ಮಾತಲ್ಲ, ಮದುವೆ ಮಾತುಕತೆಯಲ್ಲೂ ಬರುತ್ತದೆ. ಸಾರ್ವಜನಿಕ ಹಣ ನಿಜವಾಗಿ ಸೋರುವ ತೂತು ಇದು. ಮೂವತ್ತು ವರ್ಷ ಖಜಾನೆ ಕೊಡಲಿರುವ ಪಗಾರವನ್ನು ಆಡಳಿತ ಮಂಡಳಿಯವರು ಮೊದಲ ದಿನವೇ ಮಾರಿಕೊಂಡಂತೆ. ಇದರಲ್ಲಿ ಧರ್ಮಭೇದವಿಲ್ಲ, ಜಾತ್ಯತೀತ ಎಂದು ಹೇಳಿಕೊಳ್ಳುವ ಸಂಸ್ಥೆಗಳೂ ಹಿಂದೆ ಬಿದ್ದಿಲ್ಲ. ದೇವರ ಹೆಸರಿನ ಜಗಳ ಜೋರಾದಷ್ಟೂ ಈ ವ್ಯಾಪಾರ ಸದ್ದಿಲ್ಲದೆ ನಡೆಯುತ್ತದೆ.

ವೇಳಾಪಟ್ಟಿಯ ವಿಷಯಕ್ಕೆ ಬಂದರೆ ಸಂವಿಧಾನದ 28ನೆಯ ವಿಧಿಯನ್ನು ಬಿಡಿಸಿ ಓದಬೇಕು. ಪೂರ್ತಿ ಸರಕಾರದ ಹಣದಲ್ಲೇ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಇದು ಮೊದಲ ಖಂಡ. ಧಾರ್ಮಿಕ ಬೋಧನೆ ನಡೆಯಲೇಬೇಕೆಂದು ದಾನಿಗಳು ಷರತ್ತು ಹಾಕಿ ಸ್ಥಾಪಿಸಿದ ದತ್ತಿ ಸಂಸ್ಥೆಯನ್ನು ಸರಕಾರ ನಡೆಸುತ್ತಿದ್ದರೆ ಅದಕ್ಕೆ ವಿನಾಯಿತಿ, ಇದು ಎರಡನೆಯದು. ನಮ್ಮ ಚರ್ಚೆಗೆ ಬೇಕಾದದ್ದು ಮೂರನೆಯದು. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಯೂ ಪೂಜೆ-ಪ್ರಾರ್ಥನೆಯೂ ಇರಬಹುದು. ಆದರೆ ಮಗುವಿನ ಪಾಲಕರು ಒಪ್ಪಿಗೆ ಕೊಡದ ಹೊರತು ಆ ಮಗುವನ್ನು ಅದರಲ್ಲಿ ಪಾಲ್ಗೊಳ್ಳುವಂತೆ ಮಾಡುವಂತಿಲ್ಲ. ಇಲ್ಲಿ ಎರಡು ಮಾತು ಕಣ್ಣಿಗೆ ಬೀಳದೆ ಹೋಗುತ್ತವೆ. ‘ಮಾನ್ಯತೆ ಅಥವಾ ನೆರವು’ ಎಂದಿರುವುದರಿಂದ ಬಿಡಿಗಾಸಿನ ಅನುದಾನವೂ ಇಲ್ಲದ, ಲಕ್ಷಗಟ್ಟಲೆ ಫೀ ವಸೂಲಿ ಮಾಡುವ ಇಂಗ್ಲಿಷ್ ಮಾಧ್ಯಮದ ಶಾಲೆಗೂ ಇದು ಅನ್ವಯಿಸುತ್ತದೆ. ‘ಅದಕ್ಕೆ ಸೇರಿದ ಆವರಣದಲ್ಲಿ’ ಎಂದೂ ಇರುವುದರಿಂದ ಶಾಲೆಗೆ ಹೊಂದಿಕೊಂಡ ಪ್ರಸಾದನಿಲಯ, ಬೋರ್ಡಿಂಗು, ಹಾಸ್ಟೆಲ್ ಕೂಡ ಇದರೊಳಗೇ ಬರುತ್ತವೆ. ಬೆಳಗಿನ ಐದಕ್ಕೆ ಎಬ್ಬಿಸಿ ಸಾಮೂಹಿಕ ಪೂಜೆಗೆ ಕೂರಿಸುವುದು ಒಪ್ಪಿಗೆ ಇದ್ದರೆ ಸಂಸ್ಕಾರ, ಒಪ್ಪಿಗೆ ಇಲ್ಲದಿದ್ದರೆ ಸಂವಿಧಾನದ ಉಲ್ಲಂಘನೆ.

ಆ ಒಪ್ಪಿಗೆಯನ್ನು ಯಾವ ಶಾಲೆ ಬರಹದಲ್ಲಿ ಪಡೆಯುತ್ತಿದೆ? ಪ್ರವೇಶದ ಅರ್ಜಿಯಲ್ಲಿ ಜಾತಿ, ಉಪಜಾತಿ, ಆಧಾರ್, ರಕ್ತದ ಗುಂಪು, ಬ್ಯಾಂಕ್ ಖಾತೆ ಎಲ್ಲ ಕೇಳುತ್ತಾರೆ. 28(3)ರ ಒಪ್ಪಿಗೆಗೆ ಒಂದು ಗೆರೆಯೂ ಇರುವುದಿಲ್ಲ. ‘ಶಾಲೆಯ ಎಲ್ಲ ನಿಯಮಗಳಿಗೆ ಬದ್ಧ’ ಎಂಬ ಅಡಿಸಾಲಿನ ಕೆಳಗೆ ಪಾಲಕರ ಸಹಿ ಬಿದ್ದರೆ ಆಯಿತು. ಆ ಸಹಿಯಲ್ಲಿ ಧಾರ್ಮಿಕ ಬೋಧನೆಯ ಒಪ್ಪಿಗೆಯೂ ಅಡಗಿದೆ ಎಂದು ಹೇಳಿದರೆ ಯಾರು ಒಪ್ಪಿಯಾರು?

ಇದೇ ಇಲಾಖೆ ಮೊಟ್ಟೆಯ ವಿಷಯದಲ್ಲಿ ಎಷ್ಟು ಚೊಕ್ಕ ನೋಡಿ. ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾದಾಗ ಮಠಾಧೀಶರ ವಿರೋಧ ಬಂತು, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಆಯ್ಕೆಯೂ ಇತ್ತು. ಈಗ ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಎಂದು ಮುಖ್ಯ ಶಿಕ್ಷಕರು ಲೆಕ್ಕ ಬರೆದು ಕಳಿಸುತ್ತಾರೆ. ಮಗುವಿನ ಹೊಟ್ಟೆಗೆ ಏನು ಹೋಗಬೇಕೆಂಬುದರಲ್ಲಿ ಮನೆಯವರ ಇಷ್ಟವನ್ನು ಅಷ್ಟು ಜೋಪಾನವಾಗಿ ದಾಖಲಿಸಬಲ್ಲ ವ್ಯವಸ್ಥೆಗೆ ಪ್ರಾರ್ಥನೆಯ ಇಷ್ಟ ಕೇಳಲು ಇನ್ನೊಂದು ಕಾಲಂ ಹಾಕಿಕೊಳ್ಳುವುದು ದೊಡ್ಡ ಕೆಲಸವೇನಲ್ಲ. (ಊಟದ ಮಾತು ಬಂದದ್ದಕ್ಕೆ ಒಂದು ಸಣ್ಣ ಸೇರ್ಪಡೆ. ಧಾರ್ಮಿಕ ಸಂಸ್ಥೆಗೆ ಸಾರ್ವಜನಿಕ ಹಣ ಎಂಬ ಪಟ್ಟಿಯಲ್ಲಿ ಶಾಲೆಗಳನ್ನು ಮಾತ್ರ ಸೇರಿಸುವವರು ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಬಿಸಿಯೂಟ ಬೇಯಿಸುವ ಹುಬ್ಬಳ್ಳಿಯ, ಇಸ್ಕಾನ್ ನಂಟಿನ ಅಕ್ಷಯ ಪಾತ್ರೆ ಅಡುಗೆಮನೆಯನ್ನು ಮರೆಯುತ್ತಾರೆ. ಪ್ರಾಥಮಿಕ ಮಗುವಿಗೆ 100 ಗ್ರಾಂ, ಹಿರಿಯ ಪ್ರಾಥಮಿಕ ಮಗುವಿಗೆ 150 ಗ್ರಾಂ ಧಾನ್ಯ ಎಂಬ ಅಳತೆ ಸರಕಾರದ್ದು, ಒಗ್ಗರಣೆಯ ನಿಯಮ ಮಾತ್ರ ಸಂಸ್ಥೆಯದು. ಅಡುಗೆ ಶುಚಿಯಾಗಿದೆ, ವೇಳೆಗೆ ಬರುತ್ತದೆ ಎಂಬುದೂ ನಿಜ. ಹಣ ನಮ್ಮದಾದರೆ ರುಚಿ ಯಾರದು ಎಂಬ ಪ್ರಶ್ನೆಯೂ ನಿಜ.)

ಧಾರ್ಮಿಕ ಬೋಧನೆ ಯಾವುದು, ಯಾವುದಲ್ಲ ಎಂಬ ಗೊಂದಲವೂ ಇದೆ. ಕನ್ನಡ ಪುಸ್ತಕದಲ್ಲಿ ಬಸವಣ್ಣನ ವಚನ ಬಂದರೆ, ಕನಕದಾಸರ ಕೀರ್ತನೆ ಬಂದರೆ, ಶಿಶುನಾಳ ಶರೀಫರ ತತ್ವಪದ ಬಂದರೆ ಅದು ಧಾರ್ಮಿಕ ಬೋಧನೆಯಲ್ಲ. ಗುರುನಾನಕರ ಜೀವನ ಮತ್ತು ಉಪದೇಶದ ಅಧ್ಯಯನದ ಬಗ್ಗೆ 1971ರ ಡಿಎವಿ ಕಾಲೇಜು ಪ್ರಕರಣದಲ್ಲೂ, ಧರ್ಮಗಳ ಬಗೆಗಿನ ಪಾಠದ ಬಗ್ಗೆ 2002ರ ಅರುಣಾ ರಾಯ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿದೆ. ಧರ್ಮಗಳ ಕುರಿತು ತಿಳಿಸುವುದು ಒಂದು, ಒಂದು ಧರ್ಮದ ಆಚರಣೆಗೆ ಮಗುವನ್ನು ತಯಾರು ಮಾಡುವುದು ಇನ್ನೊಂದು. ಒರೆಗೆ ಹಚ್ಚಲು ಸುಲಭದ ಉಪಾಯ ಇದೆ. ಆ ಅವಧಿಯ ಕೊನೆಗೆ ಮಗುವಿನಿಂದ ಅಪೇಕ್ಷಿಸುವುದೇನು, ಪ್ರಶ್ನೆಗೆ ಉತ್ತರವೋ ಅಥವಾ ಕೈಮುಗಿತವೋ? ಕೈಮುಗಿತವಾದರೆ ಒಪ್ಪಿಗೆ ಪತ್ರ ಬೇಕು. 2011ರಲ್ಲಿ ಶಾಲೆಗಳಲ್ಲಿ ಗೀತಾ ಅಭಿಯಾನ ನಡೆದಾಗ ಎದ್ದ ಗಲಾಟೆಯಲ್ಲಿ ಗೀತೆ ಒಳ್ಳೆಯದೋ ಕೆಟ್ಟದೋ ಎಂದು ಎಲ್ಲರೂ ವಾದಿಸಿದರು, ಒಪ್ಪಿಗೆಯ ಪ್ರಶ್ನೆ ಕೇಳಿದವರು ಕಡಿಮೆ.

ಗಂಟೆಗಳ ಲೆಕ್ಕವೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಶಿಕ್ಷಕರಿಗೆ ತಯಾರಿಯೂ ಸೇರಿ ವಾರಕ್ಕೆ 45 ಗಂಟೆ. 40 ನಿಮಿಷದ ಒಂದು ಅವಧಿಯನ್ನು ದಿನಾಲು ಧರ್ಮಪಾಠಕ್ಕೆ ಕೊಟ್ಟರೆ 220 ದಿನಕ್ಕೆ ಸುಮಾರು 147 ಗಂಟೆ. ಅಷ್ಟು ಗಂಟೆ ಗಣಿತದಿಂದಲೋ ವಿಜ್ಞಾನದಿಂದಲೋ ಕಳೆದಂತೆ. ವಾರಕ್ಕೊಂದು ಅವಧಿಯಾದರೆ ವರ್ಷಕ್ಕೆ ಸುಮಾರು 24 ಗಂಟೆ. ಅದನ್ನು ಸರಕಾರದ ಪಗಾರದ ಶಿಕ್ಷಕರೇ ತೆಗೆದುಕೊಂಡರೆ ಆ 24 ಗಂಟೆಯ ಖರ್ಚು ತೆರಿಗೆದಾರರ ಮೇಲೆ ಬೀಳುತ್ತದೆ. ಧರ್ಮಪಾಠಕ್ಕೆ ಸಂಸ್ಥೆಯೇ ತನ್ನ ಹಣದಿಂದ ಬೇರೆ ಬೋಧಕರನ್ನು ಇಡಬೇಕು, ಬೋಧನಾ ಗಂಟೆಗಳ ಹೊರಗೆ ಇಡಬೇಕು. ಇಷ್ಟು ಮಾಡಿದರೆ ಮೊದಲ ಬಗೆಯ ಹಣದ ಮೇಲಿನ ಅರ್ಧ ವಾದ ಅಲ್ಲೇ ನಿಲ್ಲುತ್ತದೆ.

ಆದರೆ ಹೊರಗೆ ಎಂದರೆ ಯಾವಾಗ? ನಡುವಿನ ಅವಧಿಯಲ್ಲಿ ಇಟ್ಟರೆ ಒಪ್ಪಿಗೆ ಕೊಡದ ಮನೆಯ ಒಂದೇ ಒಂದು ಮಗು ಪಡಸಾಲೆಯಲ್ಲಿ ಒಂಟಿಯಾಗಿ ಕೂರುತ್ತದೆ. ಎರಡನೇ ವಾರಕ್ಕೆ ಆ ಮಗುವೇ ಮನೆಯಲ್ಲಿ ‘ನಾನೂ ಹೋಗ್ತೀನಿ’ ಎನ್ನುತ್ತದೆ. ಕಾಗದದಲ್ಲಿ ಹಕ್ಕು ಇದ್ದೂ ಸಾಯುವುದು ಹೀಗೆ. ಕೊನೆಯ ಅವಧಿಯ ನಂತರ ಇಟ್ಟರೆ ಕುಂದಗೋಳ, ಕಲಘಟಗಿ ಕಡೆಯಿಂದ ಬರುವ ಮಕ್ಕಳಿಗೆ ಬಸ್ಸು ತಪ್ಪುತ್ತದೆ. ಬೆಳಗಿನ ಮೊದಲ ಗಂಟೆಗೆ ಮುಂಚೆ ಇಡುವುದು ಒಳ್ಳೆಯದು, ಆದರೆ ಮೊದಲ ಬಸ್ಸಿಗೆ ಬಂದು ಕಾಯುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಅದೇ ಹೊತ್ತಿನಲ್ಲಿ ವಾಚನಾಲಯ ತೆರೆದಿಡಬೇಕು, ಒಬ್ಬ ಶಿಕ್ಷಕರು ಅಲ್ಲಿ ಇರಬೇಕು. ಧರ್ಮಪಾಠಕ್ಕೆ ಹೋಗುವುದೂ ವಾಚನಾಲಯಕ್ಕೆ ಹೋಗುವುದೂ ಎರಡು ಸಮನಾದ ಆಯ್ಕೆಯಂತೆ ಕಾಣಬೇಕು. ಒಂದು ಆಯ್ಕೆ, ಇನ್ನೊಂದು ಶಿಕ್ಷೆ ಎನ್ನುವಂತಿರಬಾರದು.

ಅನುದಾನಿತ ಶಾಲೆಯ ಮೇಲೆ ಬೆರಳು ತೋರಿಸುವ ಮೊದಲು ಇನ್ನೊಂದು ಮಾತು. 28(1) ಪೂರ್ತಿ ನಿಷೇಧಿಸಿರುವುದು ಸರಕಾರಿ ಶಾಲೆಯಲ್ಲಿ. ಸರಸ್ವತಿ ಪೂಜೆ ಮಾಡಿ ಹತ್ತನೇ ತರಗತಿಯವರನ್ನು ಬೀಳ್ಕೊಡುವ ನಮ್ಮ ಸರಕಾರಿ ಹೈಸ್ಕೂಲುಗಳನ್ನು ಲೆಕ್ಕ ಹಾಕಲು ಹೊರಟರೆ ಕೈಬೆರಳು ಸಾಲುವುದಿಲ್ಲ.

ಪ್ರವೇಶದ ವಿಷಯ ಧಾರವಾಡದವರಿಗೆ ಹೊಸದಾಗಿ ಹೇಳಬೇಕಿಲ್ಲ. 1856ರ ಜೂನ್‌ನಲ್ಲಿ ಅಸ್ಪೃಶ್ಯರೆನ್ನಲಾಗುತ್ತಿದ್ದ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದಾಗ ಬಾಗಿಲು ಮುಚ್ಚಿತು. ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂದು ಸರಕಾರ ಕೈಚೆಲ್ಲಿತು. ವಿಷಯ ಕಲ್ಕತ್ತೆಗೂ ಲಂಡನ್ನಿಗೂ ಹೋಯಿತು. ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ 1858ರಲ್ಲಿ ತೀರ್ಮಾನಿಸಿತು. ಡಾ. ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ. ಆ ಹುಡುಗ ಕೇಳಿದ್ದೇ ಇಂದು ಸಂವಿಧಾನದ 29(2)ರಲ್ಲಿ ಇದೆ. ಸರಕಾರದ ನೆರವು ಪಡೆಯುವ ಯಾವ ಶಾಲೆಯೂ ಧರ್ಮ, ಜನಾಂಗ, ಜಾತಿ, ಭಾಷೆ ಇವುಗಳ ಕಾರಣಕ್ಕಷ್ಟೇ ಪ್ರವೇಶ ನಿರಾಕರಿಸುವಂತಿಲ್ಲ. ಅಲ್ಪಸಂಖ್ಯಾತರ ಶಾಲೆ ತನ್ನ ಸಮುದಾಯದ ಮಕ್ಕಳಿಗೆ ಸ್ವಲ್ಪ ಆದ್ಯತೆ ಕೊಡಬಹುದು, ಆದರೆ ನೆರವು ಪಡೆದ ಮೇಲೆ ಬಾಗಿಲು ಪೂರ್ತಿ ಹಾಕುವಂತಿಲ್ಲ. ಪಗಾರದ ಅನುದಾನಕ್ಕೆ ಈ ಷರತ್ತು ಬಿಗಿಯಾಗಿ ಅಂಟಿಕೊಂಡಿದೆ. ಅನುದಾನ ನಿಲ್ಲಿಸಿ ಎನ್ನುವವರು ಷರತ್ತನ್ನೂ ಕಳಚಿದಂತಾಗುತ್ತದೆ ಎಂಬುದನ್ನು ಯೋಚಿಸಬೇಕು. ನೆರವು ಇಲ್ಲದ ಶಾಲೆಯನ್ನು 29(2) ಮುಟ್ಟುವುದಿಲ್ಲ.

ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯದಲ್ಲಿ ಬಹುಸಂಖ್ಯಾತರ ದೂರು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 30(2) ಹೇಳುವುದಿಷ್ಟೆ: ನೆರವು ಕೊಡುವಾಗ ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ತಾರತಮ್ಯ ಮಾಡಬಾರದು. ಹೆಚ್ಚು ಕೊಡಿ ಎಂದು ಅದು ಹೇಳುವುದಿಲ್ಲ. ವ್ಯತ್ಯಾಸ ಇರುವುದು ಹೊಣೆಗಾರಿಕೆಯಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯ 12(1)(ಬಿ) ಪ್ರಕಾರ ಅನುದಾನಿತ ಶಾಲೆ ತನ್ನ ವಾರ್ಷಿಕ ಖರ್ಚಿನಲ್ಲಿ ಅನುದಾನದ ಪಾಲು ಎಷ್ಟಿದೆಯೋ ಅಷ್ಟು ಪಾಲು ಮಕ್ಕಳಿಗೆ ಉಚಿತ ಶಿಕ್ಷಣ ಕೊಡಬೇಕು, ಯಾವ ಕಾರಣಕ್ಕೂ ಶೇ 25ಕ್ಕಿಂತ ಕಡಿಮೆ ಇರಬಾರದು. ಉದಾಹರಣೆಗೆ ಆವರ್ತಕ ಖರ್ಚು 80 ಲಕ್ಷ, ಅದರಲ್ಲಿ ಸರಕಾರದ್ದು 60 ಲಕ್ಷ ಇದ್ದರೆ ನೂರರಲ್ಲಿ 75 ಮಕ್ಕಳಿಗೆ ಉಚಿತ. ಮಠದ ಅನುದಾನಿತ ಶಾಲೆ ಇದರೊಳಗಿದೆ. ಮಿಶನ್, ಅಂಜುಮನ್‌ಗಳಂಥ ಅಲ್ಪಸಂಖ್ಯಾತ ಸಂಸ್ಥೆಯ ಶಾಲೆ ಇಲ್ಲ, ಏಕೆಂದರೆ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅನುದಾನಿತವಿರಲಿ, ಅನುದಾನರಹಿತವಿರಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆಯೇ ಅನ್ವಯಿಸದು ಎಂದಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ ದೊಡ್ಡ ಪೀಠದ ಪರಿಶೀಲನೆಗೆ ಬಿಟ್ಟಿದೆ. ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗೆ ವಿನಾಯಿತಿ ಸರಿ, ಪಗಾರವೆಲ್ಲ ಖಜಾನೆಯಿಂದ ಬರುವ ಶಾಲೆಗೆ ಸರಿಯಲ್ಲ. ಉಚಿತ ಸೀಟಿನ ಷರತ್ತು ಧರ್ಮಕ್ಕೆ ಹಾಕಿದ್ದಲ್ಲ, ಹಣಕ್ಕೆ ಹಾಕಿದ್ದು.

ಇದರ ಇನ್ನೊಂದು ಮಗ್ಗುಲು ನಮ್ಮ ಭಾಗದಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಲಿಂಗಾಯತಕ್ಕೆ ಅಲ್ಪಸಂಖ್ಯಾತ ಧರ್ಮದ ಸ್ಥಾನಮಾನ ನೀಡುವಂತೆ ಶಿಫಾರಸು ಕಳಿಸಿತು, ಕೇಂದ್ರ ಒಪ್ಪಲಿಲ್ಲ. ಒಪ್ಪಿದ್ದರೆ ಪ್ರಮತಿ ತೀರ್ಪಿನ ಬಲದಿಂದ ಉತ್ತರ ಕರ್ನಾಟಕದ ನೂರಾರು ಮಠದ ಶಾಲೆಗಳೂ ಕಾಯ್ದೆಯ ಹೊರಗೆ ನಡೆಯುತ್ತಿದ್ದವು. ಸಿದ್ಧಾಂತದ ಹೋರಾಟ ಸಿದ್ಧಾಂತದ್ದೇ, ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಮಕ್ಕಳ ಉಚಿತ ಸೀಟು ಏನಾಗುತ್ತಿತ್ತು ಎಂದು ಆಗಿನ ವೇದಿಕೆಗಳಲ್ಲಿ ಪ್ರಶ್ನೆ ಏಳಬೇಕಿತ್ತು.

ಎರಡನೆಯ ಬಗೆ, ಅಂದರೆ ಶುದ್ಧ ಧಾರ್ಮಿಕ ಕಲಿಕೆಯ ಜಾಗಗಳು. 2012ರ ತಿದ್ದುಪಡಿಯಿಂದ ಮದರಸಾ, ವೇದ ಪಾಠಶಾಲೆ ಮತ್ತು ಪ್ರಧಾನವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ. ಆದರೂ ಸಾರ್ವಜನಿಕ ಹಣ ಅಲ್ಲಿಗೂ ಹೋಗಿದೆ. 1987ರಲ್ಲಿ ಹುಟ್ಟಿದ ಸಾಂದೀಪನಿ ವೇದವಿದ್ಯಾ ಪ್ರತಿಷ್ಠಾನ ಕೇಂದ್ರದ ಹಣದಿಂದ ವೇದ ಪಾಠಶಾಲೆಗಳ ಅಧ್ಯಾಪಕರಿಗೆ ಸಂಭಾವನೆ, ವಿದ್ಯಾರ್ಥಿಗಳಿಗೆ ವೇತನ ಕೊಡುತ್ತದೆ. ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಪರೀಕ್ಷೆಗಳಿಗೆ ತಯಾರು ಮಾಡುವ ಅನುದಾನಿತ ಸಂಸ್ಕೃತ ಪಾಠಶಾಲೆಗಳು ನಮ್ಮ ರಾಜ್ಯದಲ್ಲಿವೆ. ಮದರಸಾಗಳಿಗಿದ್ದ ಕೇಂದ್ರದ ಯೋಜನೆಯಲ್ಲಿ ಪದವೀಧರ ಶಿಕ್ಷಕರಿಗೆ ತಿಂಗಳಿಗೆ 6,000 ರೂಪಾಯಿ, ಸ್ನಾತಕೋತ್ತರ ಅಥವಾ ಬಿ.ಎಡ್ ಆದವರಿಗೆ 12,000 ರೂಪಾಯಿ ಸಿಗುತ್ತಿತ್ತು. ಅದು ಕುರಾನ್ ಪಾಠಕ್ಕಲ್ಲ, ವಿಜ್ಞಾನ, ಗಣಿತ, ಸಮಾಜ, ಭಾಷೆ ಕಲಿಸುವವರಿಗೆ. ‘ಮೌಲ್ವಿಗಳಿಗೆ ಸರಕಾರದ ಸಂಬಳ’ ಎಂದು ಹರಿದಾಡಿದ ಮಾತಿನ ಹಿಂದಿನ ಸತ್ಯ ಇಷ್ಟು, ಮತ್ತು ಆ ಯೋಜನೆ ಈಗ ಮುಗಿದಿದೆ. ವಿನ್ಯಾಸದಲ್ಲಿ ಅದೇ ಸರಿಯಾಗಿತ್ತು ಎಂದು ನಮ್ಮ ಎಣಿಕೆ: ಲೌಕಿಕ ವಿಷಯದ ಶಿಕ್ಷಕರಿಗೆ ಮಾತ್ರ ಹಣ. ವೇದ ಪಾಠಶಾಲೆಗೂ ಅದೇ ಅಳತೆ ಬರಬೇಕು.

ಅಲ್ಲಿ ಕೆಡುವುದು ಮಗುವಿನ ಮುಂದಿನ ದಾರಿ. ಆರು ವರ್ಷ ಮಂತ್ರವನ್ನೋ ಕುರಾನನ್ನೋ (ಹಿಫ್ಜ್) ಬಾಯಿಪಾಠ ಮಾಡಿದ ಹದಿನಾಲ್ಕರ ಹುಡುಗನ ಹೆಸರು ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಇಲ್ಲದಿದ್ದರೆ, ವರ್ಗಾವಣೆ ಪತ್ರ ಇಲ್ಲದಿದ್ದರೆ, ಐಟಿಐಗೂ ಸೇರಲಾಗದೆ ನಿಲ್ಲುತ್ತಾನೆ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಬರೆಯಬಹುದು, ಆದರೆ ಗಣಿತ, ವಿಜ್ಞಾನ ಹೇಳಿಕೊಡುವವರು ಆ ಆವರಣದಲ್ಲಿ ಇರುವುದಿಲ್ಲ. ಆದ್ದರಿಂದ ಇಂಥ ಸಂಸ್ಥೆಗೆ ಸರಕಾರದ ಒಂದು ರೂಪಾಯಿ ಹೋದರೂ 6ರಿಂದ 14 ವರ್ಷದ ಪ್ರತಿ ಮಗು ಹತ್ತಿರದ ಶಾಲೆಯ ದಾಖಲೆಯಲ್ಲಿ ಇದೆಯೇ, ಹಗಲು ಅಲ್ಲಿಗೆ ಹೋಗಿ ಬರುತ್ತದೆಯೇ ಎಂದು ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ತಿಂಗಳಿಗೊಮ್ಮೆ ನೋಡಿ ಬರೆಯಬೇಕು.

ಮೂರನೆಯ ಬಗೆಗೆ ನಮ್ಮ ಕಡೆಯ ಗಾದೆಯೇ ಸಾಕು: ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಬಜೆಟ್ಟಿನಲ್ಲಿ ಮಠ, ಟ್ರಸ್ಟುಗಳ ಹೆಸರಿಗೆ ಕೋಟಿಗಳ ಘೋಷಣೆ, ಹಣ ಕೆಲವೊಮ್ಮೆ ಮುಜರಾಯಿಯಿಂದ, ಕೆಲವೊಮ್ಮೆ ಹಿಂದುಳಿದ ವರ್ಗಗಳ ಇಲಾಖೆಯಿಂದ, ಕೆಲವೊಮ್ಮೆ ಅಲ್ಪಸಂಖ್ಯಾತರ ಇಲಾಖೆಯಿಂದ. ಪಗಾರದ ಅನುದಾನಕ್ಕಿರುವ ವಿದ್ಯಾರ್ಥಿ ಸಂಖ್ಯೆ, ಫಲಿತಾಂಶ, ರೋಸ್ಟರ್, ಪ್ರವೇಶದ ಷರತ್ತು ಯಾವುದೂ ಇದಕ್ಕೆ ಇಲ್ಲ. ಸಂಸದರ ನಿಧಿಯ ಮಾರ್ಗಸೂಚಿಯಲ್ಲಿ ಪೂಜಾಸ್ಥಳಕ್ಕೆ ಹಣ ಕೊಡಬಾರದು ಎಂದಿದ್ದರೂ ಅದೇ ಆವರಣದಲ್ಲಿ ‘ಸಮುದಾಯ ಭವನ’ ಏಳುತ್ತದೆ, ಅಥವಾ ‘ಶಾಲಾ ಕೊಠಡಿ’ ಎಂದು ಅಂದಾಜುಪಟ್ಟಿಯಲ್ಲಿ ಬರೆದದ್ದು ಮೇಲೆದ್ದಾಗ ಕಲ್ಯಾಣ ಮಂಟಪವಾಗಿರುತ್ತದೆ. ಕಾಮಗಾರಿ ಟೆಂಡರ್ ಇಲ್ಲದೆ ರಾಜ್ಯದ ಪಾರದರ್ಶಕತೆ ಕಾಯ್ದೆಯ (ಕೆಟಿಪಿಪಿ) 4(ಜಿ) ವಿನಾಯಿತಿಯಲ್ಲಿ ಹೋದರೆ ದರ ಪ್ರಶ್ನಿಸುವವರೇ ಇರುವುದಿಲ್ಲ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಬಾರದೆ ಎರಡನೇ ಕಂತು ಬಿಡಬಾರದು ಎಂಬ ನಿಯಮ, ಫೋನು ಬಂದ ಕೂಡಲೇ ಸಡಿಲಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಮಠಗಳ ಅನುದಾನದಲ್ಲಿ ಶೇ 30 ಕಮಿಷನ್ ಮುರಿದುಕೊಳ್ಳುತ್ತಾರೆ ಎಂದು ಗದಗ ಜಿಲ್ಲೆಯ ಬಾಲೇಹೊಸೂರಿನ ಮಠಾಧೀಶರೇ ಬಹಿರಂಗವಾಗಿ ಆರೋಪಿಸಿದ್ದು ಓದುಗರಿಗೆ ನೆನಪಿರಬಹುದು. ಈ ಮೂರನೆಯ ಬಗೆಯ ಹಣವನ್ನು ಪೂರ್ತಿ ನಿಲ್ಲಿಸಬೇಕು, ಎಲ್ಲ ಧರ್ಮದವರಿಗೂ. ಆ ಮೊತ್ತವನ್ನು ಖಾಲಿ ಬಿದ್ದ ಅನುದಾನಿತ ಹುದ್ದೆಗಳಿಗೆ, 1995ರ ನಂತರ ಶುರುವಾಗಿ ಅನುದಾನಕ್ಕಾಗಿ ಕಾಯುತ್ತಲೇ ಇರುವ ಕನ್ನಡ ಮಾಧ್ಯಮ ಶಾಲೆಗಳಿಗೆ ತಿರುಗಿಸಬೇಕು.

ಪಾಲಕರು ಮತ್ತು ಆಸಕ್ತರು ಮಾಡಬಹುದಾದ ಕೆಲಸವೂ ಇದೆ. ಸರಕಾರದಿಂದ ಗಣನೀಯ ಹಣ ಪಡೆಯುವ ಖಾಸಗಿ ಶಾಲೆ-ಕಾಲೇಜುಗಳು ಮಾಹಿತಿ ಹಕ್ಕು ಕಾಯ್ದೆಯೊಳಗೆ ಬರುತ್ತವೆ ಎಂದು 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಡಳಿತ ಮಂಡಳಿ ಯಾವ ಧರ್ಮದ್ದು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ, ಆದ್ದರಿಂದ ಬಿಡಿಬಿಡಿಯಾಗಿ ಹಾಕಿ. ಮೊದಲ ಅರ್ಜಿ ಬಿಇಒ ಕಚೇರಿಗೆ: ಈ ಶಾಲೆಯ ಮಂಜೂರಾದ ಅನುದಾನಿತ ಹುದ್ದೆಗಳು, ಭರ್ತಿಯಾದವು, ಖಾಲಿ ಇರುವವು, ಖಾಲಿಯಾದ ದಿನಾಂಕ. ಎರಡನೆಯದು ಶಾಲೆಗೆ: ಪ್ರಸಕ್ತ ಸಾಲಿನ ವೇಳಾಪಟ್ಟಿಯ ಪ್ರತಿ ಮತ್ತು 28(3)ರಂತೆ ಪಡೆದ ಒಪ್ಪಿಗೆ ಪತ್ರಗಳ ಸಂಖ್ಯೆ. ಹೆಸರು ಕೇಳಬೇಡಿ, ಮಕ್ಕಳ ಖಾಸಗಿ ವಿವರವೆಂದು ಪೂರ್ತಿ ಅರ್ಜಿಯನ್ನೇ ತಳ್ಳಿಹಾಕುತ್ತಾರೆ. ಮೂರನೆಯದು ಹಣ ಬಿಡುಗಡೆ ಮಾಡಿದ ಇಲಾಖೆಗೆ: ಕಟ್ಟಡ ಅನುದಾನದ ಆದೇಶ, ಅಂದಾಜುಪಟ್ಟಿ, ಬಳಕೆ ಪ್ರಮಾಣಪತ್ರ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ‘ಅಭಿವೃದ್ಧಿ ಶುಲ್ಕ’ ಕೊಟ್ಟವರು ರಸೀದಿ ಕೇಳಿ ಇಟ್ಟುಕೊಳ್ಳಿ. ಪ್ರವೇಶಕ್ಕೆ ವಂತಿಗೆ ಪಡೆದದ್ದು ಸಾಬೀತಾದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದರ ಹತ್ತು ಪಟ್ಟಿನವರೆಗೆ ದಂಡವಿದೆ, ಆದರೆ ರಸೀದಿ ಇಲ್ಲದ ದೂರು ಎಲ್ಲಿಯೂ ನಿಲ್ಲುವುದಿಲ್ಲ.

ಧಾರವಾಡದಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರಿಗೂ ಧಾರವಾಡ, ಗದಗ, ಹಾವೇರಿ ಉಪನಿರ್ದೇಶಕರಿಗೂ ನಮ್ಮ ಬೇಡಿಕೆ ಒಂದೇ. ಬರುವ ಸಾಲಿನ ಪ್ರವೇಶ ಶುರುವಾಗುವ ಮೊದಲು ಮಾನ್ಯತೆ ಪಡೆದ ಎಲ್ಲ ಶಾಲೆಗಳ ಅರ್ಜಿಯಲ್ಲಿ ಈ ಸಾಲುಗಳನ್ನು ಅಚ್ಚು ಹಾಕಿಸಲಿ: ‘ಶಾಲೆಯಲ್ಲಿ ಅಥವಾ ಅದಕ್ಕೆ ಸೇರಿದ ವಸತಿನಿಲಯದಲ್ಲಿ ನಡೆಯುವ ಧಾರ್ಮಿಕ ಬೋಧನೆ ಹಾಗೂ ಪೂಜೆ-ಪ್ರಾರ್ಥನೆಯಲ್ಲಿ ನನ್ನ ಮಗು ಭಾಗವಹಿಸಲು ನನ್ನ ಒಪ್ಪಿಗೆ ಇದೆ / ಇಲ್ಲ. ಈ ಒಪ್ಪಿಗೆಯನ್ನು ವರ್ಷದ ನಡುವೆಯೂ ಹಿಂದಕ್ಕೆ ಪಡೆಯಬಹುದೆಂದು ನನಗೆ ತಿಳಿಸಲಾಗಿದೆ.’ ಕೆಳಗೆ ಪಾಲಕರ ಸಹಿ, ದಿನಾಂಕ. ಅರ್ಜಿ ಹೇಗೂ ಪ್ರತಿ ವರ್ಷ ಹೊಸದಾಗಿ ಅಚ್ಚಾಗುತ್ತದೆ, ಹೆಚ್ಚಿನ ಖರ್ಚಿಲ್ಲ.

ತಮ್ಮ ವಿಶ್ವಾಸಿಗಳು,
ಅನುದಾನಿತ ಶಾಲೆ ಮತ್ತು ಶಿಕ್ಷಣ ಇಲಾಖೆಯ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಕೆಲವರು
ಧಾರವಾಡ